ಕೀಕ್ಲೋಕ್ ಅಡ್ಮಿನ್ ಕನ್ಸೋಲ್ 'ಲೋಡಿಂಗ್' ಅಂತ ಸುತ್ತುತ್ತಲೇ ಇದೆ, ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನ್. ಲೈಬ್ರರಿಯ ಕೋಹಾ, ಪಾಠದ ಮೂಡಲ್, ಹಾಜರಾತಿ ಸಾಫ್ಟ್‌ವೇರ್ ಮೂರಕ್ಕೂ ಒಂದೇ ಲಾಗಿನ್ ಇರಲಿ ಅಂತ ಕೀಕ್ಲೋಕ್ 26 ಹಾಕಿದ್ದೇನೆ. ಸರ್ವರ್ ಮುಂದೆಯೇ ಕೂತು ಲೋಕಲ್‌ಹೋಸ್ಟ್‌ನಲ್ಲಿ ತೆರೆದಾಗ ಎಲ್ಲ ಚೆನ್ನಾಗಿತ್ತು. ಮಾಸ್ಟರ್ ರೆಲ್ಮ್‌ನಲ್ಲಿ (ರೆಲ್ಮ್ ಅಂದರೆ ಕೀಕ್ಲೋಕ್ ಒಳಗೆ ಖಾತೆಗಳ ಒಂದು ಪ್ರತ್ಯೇಕ ವಿಭಾಗ) 40 ಸಿಬ್ಬಂದಿಯ ಖಾತೆಗಳನ್ನೂ ಮಾಡಿದೆ. ಆಮೇಲೆ ಹೊರಗಿನ ರಿಕ್ವೆಸ್ಟ್‌ಗಳನ್ನು ಒಳಗೆ ದಾಟಿಸುವ ಪ್ರಾಕ್ಸಿಯಾಗಿ ಎಂಜಿನ್‌ಎಕ್ಸ್ ವೆಬ್ ಸರ್ವರ್ ಮುಂದಿಟ್ಟು ಸರ್ಟಿಫಿಕೇಟ್ ಹಾಕಿದೆ. ಅಂದಿನಿಂದ ನನ್ನ ಲ್ಯಾಪ್‌ಟಾಪ್‌ನಲ್ಲಿ ಕನ್ಸೋಲ್ ತೆರೆದರೆ 'ಲೋಡಿಂಗ್' ಅಂತ ಸುತ್ತುತ್ತಲೇ ಇರುತ್ತದೆ. ನೇರವಾಗಿ ಐಪಿ ಮತ್ತು 8080 ಪೋರ್ಟ್ ಕೊಟ್ಟರೆ ಇನ್ನೊಂದು ಎರರ್. ಕಾನ್ಫಿಗ್ ಫೈಲ್ ಎಷ್ಟು ಸಲ ತಿದ್ದಿದರೂ ಏನೂ ಬದಲಾಗುವುದಿಲ್ಲ. ಒಬ್ಬರು 'ಎಸ್ಎಸ್ಎಲ್ ರಿಕ್ವೈರ್ಡ್' ಅನ್ನು 'ನನ್' ಮಾಡಿ ಎನ್ನುತ್ತಾರೆ. ಇನ್ನೊಬ್ಬರು 'ಹೋಸ್ಟ್‌ನೇಮ್-ಸ್ಟ್ರಿಕ್ಟ್' ಫಾಲ್ಸ್ ಮಾಡಿ ಎನ್ನುತ್ತಾರೆ. ಮೂರನೆಯವರು ಎಲ್ಲ ಅಳಿಸಿ ಹೊಸದಾಗಿ ಹಾಕು ಎನ್ನುತ್ತಾರೆ. ಪ್ರಾಂಶುಪಾಲರಿಗೆ ಮನೆಯಿಂದಲೂ ಕನ್ಸೋಲ್ ನೋಡಬೇಕಂತೆ. ಮಾಡಿದ ಖಾತೆಗಳು ಹೋಗಿಬಿಡುತ್ತವಾ? ಯಾರ ಮಾತು ಕೇಳಲಿ? ಕೀಕ್ಲೋಕ್ ಶುರುಮಾಡುವ ಸರ್ವಿಸ್ ಫೈಲ್ ಲಗತ್ತಿಸಿದ್ದೇನೆ.

ಉತ್ತರ: ಮೊದಲು ಖಾತೆಗಳ ಚಿಂತೆ ಬಿಡಿ. ಕನ್ಸೋಲ್ ಪುಟ ತೆರೆಯದಿದ್ದರೂ ಒಳಗಿನ ಡೇಟಾಗೆ ಏನೂ ಆಗಿಲ್ಲ. ನಿಮ್ಮ 40 ಖಾತೆಗಳು ಡಿಸ್ಕ್ ಮೇಲೆ ಹಾಗೇ ಇವೆ. ಅಳಿಸಿ ಹೊಸದಾಗಿ ಹಾಕಿದರೆ ಅವು ಹೋಗುತ್ತವೆ, ತೊಂದರೆ ಮಾತ್ರ ಹೋಗುವುದಿಲ್ಲ. ಅದೇ ಸರ್ವಿಸ್ ಫೈಲ್, ಅದೇ ಎಂಜಿನ್‌ಎಕ್ಸ್ ಇರುವ ತನಕ ಹೊಸ ಕನ್ಸೋಲ್ ಕೂಡ ಹೀಗೇ ಸುತ್ತುತ್ತದೆ.

ನಿಮ್ಮ ಸರ್ವಿಸ್ ಫೈಲ್ ತೆರೆದು ನೋಡಿದೆ. ಅದರಲ್ಲಿ 'ಕೆಸಿ_ಹೋಸ್ಟ್‌ನೇಮ್' ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 'ಲೋಕಲ್‌ಹೋಸ್ಟ್' ಅಂತ ಕೊಟ್ಟಿದ್ದೀರಿ. ಯಾವುದೋ ಗೈಡ್‌ನಿಂದ ಬಂದ ಸಾಲಿರಬೇಕು. ನಿಮ್ಮ ತಲೆನೋವಿನ ಮುಕ್ಕಾಲು ಪಾಲು ಈ ಒಂದು ಸಾಲಿನಲ್ಲಿದೆ.

ಅದು ಹೇಗೆ ಅಂತ ನೋಡೋಣ. ಅಡ್ಮಿನ್ ಕನ್ಸೋಲ್ ಅಂದರೆ ಬ್ರೌಸರ್ ಒಳಗೆ ಓಡುವ ಒಂದು ಜಾವಾಸ್ಕ್ರಿಪ್ಟ್ ಪ್ರೋಗ್ರಾಂ. ಪುಟ ತೆರೆದ ತಕ್ಷಣ ಅದು ಲಾಗಿನ್ ಆಗಿದೆಯಾ ಅಂತ ಸರ್ವರ್ ಅನ್ನು ಕೇಳಬೇಕು. ಕೇಳುವುದು ಯಾವ ವಿಳಾಸದಲ್ಲಿ? ಬ್ರೌಸರ್‌ನ ಅಡ್ರೆಸ್ ಬಾರ್‌ನಲ್ಲಿ ಇರುವ ವಿಳಾಸದಲ್ಲಿ ಅಲ್ಲ, ಕೀಕ್ಲೋಕ್ 'ನನ್ನ ವಿಳಾಸ ಇದು' ಅಂತ ಆ ಪುಟದೊಳಗೆ ಬರೆದು ಕಳಿಸಿದ ವಿಳಾಸದಲ್ಲಿ. ನಿಮ್ಮಲ್ಲಿ ಅದು ಲೋಕಲ್‌ಹೋಸ್ಟ್ ಅಂತ ಬರೆದು ಕಳಿಸುತ್ತಿದೆ. ಲ್ಯಾಪ್‌ಟಾಪ್‌ನ ಪಾಲಿಗೆ ಲೋಕಲ್‌ಹೋಸ್ಟ್ ಅಂದರೆ ಆ ಲ್ಯಾಪ್‌ಟಾಪ್ ತಾನೇ! ಪಾಪ, ಬ್ರೌಸರ್ ನಿಮ್ಮ ಲ್ಯಾಪ್‌ಟಾಪ್ ಒಳಗೇ ಕೀಕ್ಲೋಕ್ ಹುಡುಕುತ್ತಾ ಕೂತಿದೆ. ಸರ್ವರ್ ಮುಂದೆ ಕೂತಾಗ ಸರಿಯಾಗಿ ನಡೆದದ್ದಕ್ಕೂ ಇದೇ ಕಾರಣ.

ನನ್ನ ಮಾತು ನಂಬಬೇಕಿಲ್ಲ, ನೀವೇ ನೋಡಿ. ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ ಪುಟ ರಿಫ್ರೆಶ್ ಮಾಡಿ. ಕೆಂಪು ಬಣ್ಣದಲ್ಲಿ ಬಿದ್ದ ಸಾಲುಗಳನ್ನು ಒತ್ತಿ, ಅವು ಯಾವ ವಿಳಾಸದಿಂದ ಶುರುವಾಗುತ್ತವೆ ನೋಡಿ. ಕನ್ಸೋಲ್ ಸುತ್ತುತ್ತಿದೆ ಅಂತ ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಆ ಕೆಂಪು ಸಾಲಿನ ಸ್ಕ್ರೀನ್‌ಶಾಟ್. ಅಲ್ಲಿ ಲೋಕಲ್‌ಹೋಸ್ಟ್ ಕಂಡರೆ ನಿಮ್ಮ ಕೇಸು. ಕಾಲೇಜಿನ ಹೆಸರೇ ಇದ್ದು ಮುಂದೆ ಎಚ್‌ಟಿಟಿಪಿಎಸ್ ಬದಲು ಬರೀ ಎಚ್‌ಟಿಟಿಪಿ ಇದ್ದರೆ ಅದು ಈ ತೊಂದರೆಯ ಎರಡನೇ ಮುಖ. ಮೊದಲನೆಯದನ್ನು ಅರ್ಧಂಬರ್ಧ ಸರಿಮಾಡಿದವರಿಗೆ ಅದು ಕಾಣಿಸುತ್ತದೆ, ಆಮೇಲೆ ಹೇಳುತ್ತೇನೆ.

ಕಾನ್ಫಿಗ್ ಫೈಲ್ ತಿದ್ದಿದರೂ ಏನೂ ಆಗುತ್ತಿಲ್ಲ ಎಂದಿರಲ್ಲ, ಅದಕ್ಕೂ ಉತ್ತರ ಅದೇ ಸಾಲು. ಒಂದೇ ಸೆಟ್ಟಿಂಗ್ ಎರಡು ಮೂರು ಕಡೆ ಇದ್ದರೆ ಕೀಕ್ಲೋಕ್ ಮೊದಲು ಕಮಾಂಡ್ ಲೈನ್ ನೋಡುತ್ತದೆ, ಆಮೇಲೆ ಎನ್ವಿರಾನ್ಮೆಂಟ್ ವೇರಿಯಬಲ್, ಕೊನೆಗೆ ಕಾನ್ಫಿಗ್ ಫೈಲ್. ಫೈಲ್‌ನಲ್ಲಿ ನೀವು ಸರಿಯಾದ ವಿಳಾಸವನ್ನೇ ಬರೆದಿರಬಹುದು. ಸರ್ವಿಸ್ ಫೈಲ್‌ನ ವೇರಿಯಬಲ್ ಅದನ್ನು ಮೆಟ್ಟಿ ನಿಂತಿದೆ. ಯಾವ ಮೌಲ್ಯ ಎಲ್ಲಿಂದ ಬಂದಿದೆ ಅಂತ ತಿಳಿಯಲು ಕೀಕ್ಲೋಕ್‌ನ ಕೆಸಿ ಸ್ಕ್ರಿಪ್ಟ್‌ಗೆ 'ಶೋ-ಕಾನ್ಫಿಗ್' ಅಂತ ಕೊಡಿ. ಪ್ರತಿ ಸೆಟ್ಟಿಂಗ್ ಪಕ್ಕದಲ್ಲೇ ಅದರ ಮೂಲ ತೋರಿಸುತ್ತದೆ. ಒಂದು ಎಚ್ಚರ: ಸರ್ವಿಸ್ ಫೈಲ್‌ನ ವೇರಿಯಬಲ್‌ಗಳು ನಿಮ್ಮ ಟರ್ಮಿನಲ್‌ನಲ್ಲಿ ಇರುವುದಿಲ್ಲ. ಹಾಗಾಗಿ ಅವನ್ನೂ ಎಕ್ಸ್‌ಪೋರ್ಟ್ ಮಾಡಿಕೊಂಡು ಆ ಕಮಾಂಡ್ ಓಡಿಸಿ, ಇಲ್ಲದಿದ್ದರೆ ಎಲ್ಲ ಸರಿ ಇದೆ ಅಂತ ಸುಳ್ಳು ಸಮಾಧಾನ ಸಿಗುತ್ತದೆ. ನನ್ನ ಕೇಳಿದರೆ ಸೆಟ್ಟಿಂಗ್‌ಗಳು ಒಂದೇ ಕಡೆ ಇರಲಿ. ಫೈಲ್‌ನಲ್ಲಿ ಅಂದರೆ ಎಲ್ಲ ಫೈಲ್‌ನಲ್ಲಿ.

ಇನ್ನು ನಿಮಗೆ ಸಿಕ್ಕ ಸಲಹೆಗಳು. ಕೊಟ್ಟವರನ್ನು ಬೈಯಬೇಡಿ. ಕೀಕ್ಲೋಕ್ ಮೊದಲು ಬಂದದ್ದು 2014ರಲ್ಲಿ. 2022ರಲ್ಲಿ 17ನೇ ಆವೃತ್ತಿ ಬಂದಾಗ ಅದರ ಒಡಲೇ ಬದಲಾಯಿತು. ಅದು ಓಡುತ್ತಿದ್ದ ವೈಲ್ಡ್‌ಫ್ಲೈ ವೇದಿಕೆ ಹೋಗಿ ಕ್ವಾರ್ಕಸ್ ಬಂತು, ವಿಳಾಸದಲ್ಲಿದ್ದ 'ಆಥ್' ಎಂಬ ತುಂಡೂ ಮಾಯವಾಯಿತು. 2024ರಲ್ಲಿ ಬಂದ 26ರಲ್ಲಿ ಹಳೇ ಹೋಸ್ಟ್‌ನೇಮ್ ಸೆಟ್ಟಿಂಗ್‌ಗಳನ್ನೂ, 'ಪ್ರಾಕ್ಸಿ' ಅಂತಿದ್ದ ಹಳೇ ಆಯ್ಕೆಯನ್ನೂ ಕಿತ್ತು ಹಾಕಿದರು. ಅಂತರ್ಜಾಲದಲ್ಲಿ ಸಿಗುವ ಗೈಡ್‌ಗಳಲ್ಲಿ ಈ ಮೂರೂ ಕಾಲದವು ಬೆರೆತುಹೋಗಿವೆ. 'ಪ್ರಾಕ್ಸಿ ಎಡ್ಜ್' ಅಂತ ಬರೆದ ಗೈಡ್ ಕಂಡರೆ ಮುಚ್ಚಿಬಿಡಿ, ಅದು ನಿಮ್ಮ ಆವೃತ್ತಿಗೆ ಅಲ್ಲ.

ಎಸ್ಎಸ್ಎಲ್ ರಿಕ್ವೈರ್ಡ್ ಅನ್ನು ನನ್ ಮಾಡುವುದು ಬೇಡವೇ ಬೇಡ. ಅದರ ಡೀಫಾಲ್ಟ್ 'ಎಕ್ಸ್‌ಟರ್ನಲ್ ರಿಕ್ವೆಸ್ಟ್ಸ್'. ಅಂದರೆ ಲೋಕಲ್‌ಹೋಸ್ಟ್ ಮತ್ತು ಒಳಗಿನ ಪ್ರೈವೇಟ್ ಐಪಿಗಳಿಗೆ ಬರೀ ಎಚ್‌ಟಿಟಿಪಿ ನಡೆಯುತ್ತದೆ, ಹೊರಗಿನವರಿಗೆ ಎಚ್‌ಟಿಟಿಪಿಎಸ್ ಬೇಕೇ ಬೇಕು. ನನ್ ಮಾಡಿದರೆ ಹಾಸ್ಟೆಲ್ ವೈಫೈನಲ್ಲಿ ಕೂತ ಹುಡುಗನ ಪಾಸ್‌ವರ್ಡ್ ಬೆತ್ತಲಾಗಿ ಓಡಾಡುವ ದಾರಿ ತೆರೆದ ಹಾಗೆ. ಇಷ್ಟು ಅಪಾಯ ಹೊತ್ತರೂ ನಿಮ್ಮ ಕನ್ಸೋಲ್ ತೆರೆಯುವುದಿಲ್ಲ. ಯಾಕೆಂದರೆ ಈಗ ತಡೆಯುತ್ತಿರುವುದು ಕೀಕ್ಲೋಕ್ ಅಲ್ಲ, ಬ್ರೌಸರ್. 26ನೇ ಆವೃತ್ತಿಯ ಕನ್ಸೋಲ್‌ಗೆ ಬ್ರೌಸರ್‌ನ ವೆಬ್ ಕ್ರಿಪ್ಟೋ, ಅಂದರೆ ಗೂಢಲಿಪಿ ಲೆಕ್ಕ ಮಾಡುವ ಸೌಲಭ್ಯ ಬೇಕು. ಬ್ರೌಸರ್‌ಗಳು ಅದನ್ನು ಎಚ್‌ಟಿಟಿಪಿಎಸ್ ಪುಟಗಳಿಗೆ ಮಾತ್ರ ಕೊಡುತ್ತವೆ. ಲೋಕಲ್‌ಹೋಸ್ಟ್‌ಗೆ ಮಾತ್ರ ವಿನಾಯಿತಿ. 192.168 ಅಂತ ಶುರುವಾಗುವ ಐಪಿಗೆ ಆ ವಿನಾಯಿತಿ ಇಲ್ಲ. ಐಪಿ ಮತ್ತು 8080 ಕೊಟ್ಟಾಗ ಕಂಡ 'ಇನ್ನೊಂದು ಎರರ್' ಬಹುತೇಕ ಇದೇ. ಎಫ್12 ಕನ್ಸೋಲ್ ಟ್ಯಾಬ್‌ನಲ್ಲಿ ವೆಬ್ ಕ್ರಿಪ್ಟೋ ಇಲ್ಲ ಎಂಬ ಸಾಲು ಹುಡುಕಿ. ಹಾಗಾಗಿ 8080 ದಾರಿ ಮರೆತುಬಿಡಿ.

ಹೋಸ್ಟ್‌ನೇಮ್-ಸ್ಟ್ರಿಕ್ಟ್ ಫಾಲ್ಸ್ ಮಾಡುವ ಸಲಹೆ ಸ್ವಲ್ಪ ಬೇರೆ ಥರದ್ದು. ಅದರಿಂದ ಕನ್ಸೋಲ್ ತೆರೆದರೂ ತೆರೆಯಬಹುದು. ಅದಕ್ಕೇ ಅದು ಜಾಸ್ತಿ ಅಪಾಯ. ಫಾಲ್ಸ್ ಮಾಡಿ ಹೋಸ್ಟ್‌ನೇಮ್ ತೆಗೆದುಬಿಟ್ಟರೆ ಕೀಕ್ಲೋಕ್ ತನ್ನ ವಿಳಾಸವನ್ನು ಬಂದ ರಿಕ್ವೆಸ್ಟ್‌ನ ಹೆಡರ್ (ಅದರ ತಲೆಯಲ್ಲಿ ಬರುವ ಮಾಹಿತಿ ಸಾಲು) ನೋಡಿ ಊಹಿಸುತ್ತದೆ. ಹೆಡರ್ ಅನ್ನು ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಬರೆದು ಕಳಿಸಬಹುದು. ಯಾವನೋ ಒಬ್ಬ ನಿಮ್ಮ ಲೈಬ್ರರಿಯನ್ ಹೆಸರಲ್ಲಿ 'ಪಾಸ್‌ವರ್ಡ್ ಮರೆತಿದ್ದೇನೆ' ಒತ್ತುತ್ತಾನೆ, ಹೋಸ್ಟ್ ಜಾಗದಲ್ಲಿ ತನ್ನ ಸೈಟಿನ ಹೆಸರು ತುಂಬುತ್ತಾನೆ. ಎಂಜಿನ್‌ಎಕ್ಸ್ ಅದನ್ನು ಹಾಗೇ ದಾಟಿಸಿದರೆ ಲೈಬ್ರರಿಯನ್‌ಗೆ ಕಾಲೇಜಿನ ಸರ್ವರ್‌ನಿಂದಲೇ ಈಮೇಲ್ ಹೋಗುತ್ತದೆ, ಒಳಗಿನ ಲಿಂಕ್ ಮಾತ್ರ ಕಳ್ಳನ ಸೈಟಿಗೆ. ಲ್ಯಾಪ್‌ಟಾಪ್‌ನಲ್ಲಿ ಆಟವಾಡಲು ಆ ಸೆಟ್ಟಿಂಗ್ ಸರಿ. ವಿದ್ಯಾರ್ಥಿಗಳು ಬಳಸುವ ಸರ್ವರ್‌ಗೆ ಬೇಡ.

ಹಾಗಾದರೆ ಮಾಡಬೇಕಾದ್ದು ಏನು? ಊಹಿಸಲು ಬಿಡದೆ ಕೀಕ್ಲೋಕ್‌ಗೆ ಅದರ ವಿಳಾಸವನ್ನು ಪೂರ್ತಿಯಾಗಿ ಹೇಳಿಬಿಡಿ. ಸರ್ವಿಸ್ ಫೈಲ್‌ನ ಆ ಸಾಲು ತೆಗೆಯಿರಿ. ಕಾನ್ಫಿಗ್ ಫೈಲ್‌ನಲ್ಲಿ 'ಹೋಸ್ಟ್‌ನೇಮ್' ಮುಂದೆ ಬರೀ ಹೆಸರಲ್ಲ, ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ತಿ ವಿಳಾಸ ಬರೆಯಿರಿ. ಬರೀ ಹೆಸರು ಬರೆದವರಿಗೆ ಸಿಗುವುದೇ ಆ ಎರಡನೇ ಮುಖ. ಎಂಜಿನ್‌ಎಕ್ಸ್‌ನಿಂದ ಕೀಕ್ಲೋಕ್‌ಗೆ ಬರುವ ಒಳದಾರಿ ಬರೀ ಎಚ್‌ಟಿಟಿಪಿ ಅಲ್ವಾ? ಅದನ್ನೇ ನೋಡಿ ಕೀಕ್ಲೋಕ್ ತನ್ನ ವಿಳಾಸವೂ ಎಚ್‌ಟಿಟಿಪಿ ಅಂದುಕೊಳ್ಳುತ್ತದೆ. ಎಚ್‌ಟಿಟಿಪಿಎಸ್ ಪುಟದೊಳಗಿಂದ ಎಚ್‌ಟಿಟಿಪಿಗೆ ಹೋಗಲು ಬ್ರೌಸರ್ ಬಿಡುವುದಿಲ್ಲ. ಮತ್ತೆ ಲೋಡಿಂಗ್, ಮತ್ತೆ ಸುತ್ತಾಟ.

ಜೊತೆಗೆ 'ಎಚ್‌ಟಿಟಿಪಿ-ಎನೇಬಲ್ಡ್' ಟ್ರೂ ಇರಬೇಕು. ಇಲ್ಲದಿದ್ದರೆ ಪ್ರೊಡಕ್ಷನ್ ಮೋಡ್‌ನಲ್ಲಿ ಕೀಕ್ಲೋಕ್ ತನ್ನದೇ ಸರ್ಟಿಫಿಕೇಟ್ ಕೇಳಿ ಶುರುವಾಗದೆ ನಿಲ್ಲುತ್ತದೆ. ಹೆಸರು ನೋಡಿ ಹೆದರಬೇಡಿ, ಇದು ಎಂಜಿನ್‌ಎಕ್ಸ್‌ನಿಂದ ಒಳಗಿನ ಒಂದು ಮೊಳ ದಾರಿಗೆ ಮಾತ್ರ. ಎರಡೂ ಒಂದೇ ಯಂತ್ರದಲ್ಲಿ ಇರುವುದರಿಂದ 'ಎಚ್‌ಟಿಟಿಪಿ-ಹೋಸ್ಟ್' ಅನ್ನು 127.0.0.1 ಮಾಡಿ. ಆಗ 8080 ಹೊರಗಿನ ಯಾರಿಗೂ ಕಾಣುವುದೇ ಇಲ್ಲ. ಹೆಲ್ತ್, ಮೆಟ್ರಿಕ್ಸ್‌ಗೆ ಬಳಸುವ 9000 ಪೋರ್ಟ್ ಕೂಡ ಫೈರ್‌ವಾಲ್‌ನಿಂದ ಆಚೆ ಹೋಗಬಾರದು.

ಇನ್ನೊಂದು 'ಪ್ರಾಕ್ಸಿ-ಹೆಡರ್ಸ್'. ಇದಕ್ಕೆ 'ಎಕ್ಸ್‌ಫಾರ್ವರ್ಡೆಡ್' ಅಂತ ಕೊಡಿ. ಇದನ್ನು ಹಾಕದೆ ಬರೀ ಪೂರ್ತಿ ವಿಳಾಸ ಕೊಟ್ಟರೂ ಕನ್ಸೋಲ್ ತೆರೆದುಕೊಳ್ಳಬಹುದು, ಆದರೆ ಲಾಗಿನ್ ಈವೆಂಟ್‌ಗಳಲ್ಲಿ ಎಲ್ಲರ ಐಪಿಯೂ 127.0.0.1 ಅಂತಲೇ ಬರುತ್ತದೆ. ನಾಳೆ ಯಾರದೋ ಖಾತೆಗೆ ಯಾರೋ ನುಗ್ಗಿದರೆ ಎಲ್ಲಿಂದ ಬಂದರು ಅಂತ ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಈ ಸೆಟ್ಟಿಂಗ್ ಹಾಕಿದಾಗ ಕೀಕ್ಲೋಕ್ ಆ ಹೆಡರ್‌ಗಳನ್ನು ಕಣ್ಣು ಮುಚ್ಚಿ ನಂಬುತ್ತದೆ. ಅವನ್ನು ಸರಿಯಾಗಿ ತುಂಬುವುದು ಎಂಜಿನ್‌ಎಕ್ಸ್ ಕೆಲಸ. ಫಾರ್ವರ್ಡೆಡ್-ಪ್ರೋಟೋ, ಫಾರ್ವರ್ಡೆಡ್-ಹೋಸ್ಟ್, ಫಾರ್ವರ್ಡೆಡ್-ಪೋರ್ಟ್, ಫಾರ್ವರ್ಡೆಡ್-ಫಾರ್ ನಾಲ್ಕನ್ನೂ ಅದು ತಾನೇ ಬರೆಯಬೇಕು. ಇಲ್ಲೊಂದು ಸಣ್ಣ ಬಲೆ ಇದೆ. ಗೈಡ್‌ಗಳಲ್ಲಿ ಫಾರ್ವರ್ಡೆಡ್-ಫಾರ್‌ಗೆ ಕೊಡುವ ವೇರಿಯಬಲ್ ಹೊರಗಿನವನು ಕಳಿಸಿದ ಐಪಿಯನ್ನೂ ಇಟ್ಟುಕೊಂಡು ಅದರ ಪಕ್ಕಕ್ಕೆ ನಿಜವಾದ ಐಪಿ ಸೇರಿಸುತ್ತದೆ. ಎಂಜಿನ್‌ಎಕ್ಸ್ ಒಂದೇ ಇರುವಾಗ ಅದರ ಬದಲು ರಿಮೋಟ್-ಅಡ್ರೆಸ್ ವೇರಿಯಬಲ್ ಕೊಡಿ. ಆಗ ಹಳೆಯದು ಅಳಿಸಿ ನಿಜವಾದದ್ದು ಮಾತ್ರ ಹೋಗುತ್ತದೆ. 'ಪ್ರಾಕ್ಸಿ-ಟ್ರಸ್ಟೆಡ್-ಅಡ್ರೆಸಸ್' ಎಂಬ ಸೆಟ್ಟಿಂಗ್‌ಗೆ 127.0.0.1 ಕೊಟ್ಟರೆ ಬೇರೆ ಕಡೆಯಿಂದ ಬಂದ ಹೆಡರ್‌ಗಳನ್ನು ಕೀಕ್ಲೋಕ್ ನಂಬುವುದೂ ಇಲ್ಲ.

ಇಷ್ಟು ಮಾಡಿ ರೀಸ್ಟಾರ್ಟ್ ಮಾಡಿದರೆ ಕನ್ಸೋಲ್ ತೆರೆಯಬೇಕು. ಅನುಮಾನ ಉಳಿದರೆ 'ಹೋಸ್ಟ್‌ನೇಮ್-ಡೀಬಗ್' ಟ್ರೂ ಮಾಡಿ. ಪ್ರತಿ ರೆಲ್ಮ್‌ನ ವಿಳಾಸದ ಕೆಳಗೆ ಅದೇ ಹೆಸರಿನ ಒಂದು ಪುಟ ಸಿಗುತ್ತದೆ. ಕೀಕ್ಲೋಕ್ ಯಾವುದನ್ನು ತನ್ನ ವಿಳಾಸ ಅಂದುಕೊಂಡಿದೆ, ಅದಕ್ಕೆ ಯಾವ ಹೆಡರ್ ಬಂತು ಎಲ್ಲ ಅಲ್ಲಿ ಕಾಣುತ್ತದೆ. ನೋಡಿದ ಮೇಲೆ ಆಫ್ ಮಾಡಿ. ಕನ್ಸೋಲ್ ಬದಲು 502 ಎರರ್ ಬಂದು, ಎಂಜಿನ್‌ಎಕ್ಸ್ ಲಾಗ್‌ನಲ್ಲಿ ಹೆಡರ್ ತುಂಬಾ ದೊಡ್ಡದು ಅಂತ ಇದ್ದರೆ ಪ್ರಾಕ್ಸಿ ಬಫರ್ ಸೈಜ್ ಹೆಚ್ಚಿಸಿ, ಅದು ಬೇರೆ ವಿಷಯ.

ಈಗ ನೀವು ಕೇಳದ ಒಂದು ವಿಷಯ. ಮೂರನೆಯವರು 'ಹೊಸದಾಗಿ ಹಾಕು' ಅಂದರಲ್ಲ, ಕಾರಣ ತಪ್ಪಾದರೂ ಅವರ ಮಾತಲ್ಲಿ ಅರ್ಧ ಹುರುಳಿದೆ. ನಿಮ್ಮ ಸರ್ವಿಸ್ ಫೈಲ್‌ನಲ್ಲಿ ಡೇಟಾಬೇಸ್ ಸಾಲೇ ಇಲ್ಲ. ಕಾನ್ಫಿಗ್ ಫೈಲ್‌ನಲ್ಲೂ ಇಲ್ಲದಿದ್ದರೆ ಕೀಕ್ಲೋಕ್ ತನ್ನ ಫೋಲ್ಡರ್ ಒಳಗೆ ಎಚ್2 ಎಂಬ ಚಿಕ್ಕ ಫೈಲ್ ಡೇಟಾಬೇಸ್‌ನಲ್ಲಿ ಎಲ್ಲ ಇಟ್ಟಿರುತ್ತದೆ. ಅದು ಪ್ರಯೋಗ ಮಾಡಿ ನೋಡಲು ಮಾತ್ರ ಅಂತ ಕೀಕ್ಲೋಕ್ ಮಾಡಿದವರೇ ಹೇಳುತ್ತಾರೆ. ಇದರ ಜೊತೆಗೆ ಸಿಬ್ಬಂದಿಯನ್ನು ಮಾಸ್ಟರ್ ರೆಲ್ಮ್‌ನಲ್ಲಿ ಸೇರಿಸಿದ್ದೀರಿ. ಮಾಸ್ಟರ್ ಅನ್ನುವುದು ಕೀಕ್ಲೋಕ್ ಅನ್ನೇ ನಡೆಸುವವರ ಕೋಣೆ. ಅಲ್ಲಿ ಅಪ್ಪಿತಪ್ಪಿ ಒಂದು ಅಡ್ಮಿನ್ ರೋಲ್ ಯಾರಿಗಾದರೂ ಸಿಕ್ಕರೆ ಇಡೀ ಸರ್ವರ್ ಅವರ ಕೈಯಲ್ಲಿ. ಕಾಲೇಜಿಗೆ ಬೇರೆ ರೆಲ್ಮ್ ಬೇಕು. ಕೋಹಾ, ಮೂಡಲ್, ಹಾಜರಾತಿ ಎಲ್ಲ ಅದರೊಳಗೆ ಬರಬೇಕು.

ನಿಮ್ಮ ಜಾಗದಲ್ಲಿದ್ದರೆ ನಾನು ವಿದ್ಯಾರ್ಥಿಗಳನ್ನು ಸೇರಿಸುವ ಮೊದಲೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಗುತ್ತೇನೆ. ಸರ್ವಿಸ್ ನಿಲ್ಲಿಸಿ, ಕೆಸಿ ಸ್ಕ್ರಿಪ್ಟ್‌ನ 'ಎಕ್ಸ್‌ಪೋರ್ಟ್' ಕಮಾಂಡ್‌ನಿಂದ ಈಗಿರುವುದನ್ನು ಒಂದು ಫೋಲ್ಡರ್‌ಗೆ ತೆಗೆದಿಡಿ. ನಿಲ್ಲಿಸದೆ ಮಾಡಲು ಹೋದರೆ ಎಚ್2 ಫೈಲ್ ಲಾಕ್ ಆಗಿರುತ್ತದೆ. ಕನ್ಸೋಲ್ ಒಳಗೂ ಒಂದು ಎಕ್ಸ್‌ಪೋರ್ಟ್ ಬಟನ್ ಇದೆ, ಅದನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಅದರಲ್ಲಿ ಬಳಕೆದಾರರು ಬರುವುದಿಲ್ಲ, ಸೀಕ್ರೆಟ್‌ಗಳ ಜಾಗದಲ್ಲಿ ನಕ್ಷತ್ರದ ಗುರುತುಗಳಿರುತ್ತವೆ. ಕಮಾಂಡ್‌ನಿಂದ ತೆಗೆದದ್ದರಲ್ಲಿ ಪಾಸ್‌ವರ್ಡ್ ಹ್ಯಾಶ್‌ಗಳೂ ಬರುತ್ತವೆ, ಹಾಗಾಗಿ ಆ ಫೋಲ್ಡರ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಓಡಾಡಬೇಡಿ. ಮಾಸ್ಟರ್‌ನ ಎಕ್ಸ್‌ಪೋರ್ಟ್ ಅನ್ನು ಹೆಸರು ಬದಲಿಸಿ ಹೊಸ ರೆಲ್ಮ್ ಮಾಡುವ ಸಾಹಸವೂ ಬೇಡ. ಮಾಸ್ಟರ್‌ಗೆ ಮಾತ್ರ ಸೇರಿದ ಎಷ್ಟೋ ಸಾಮಾನು ಅದರ ಜೊತೆ ಬಂದುಬಿಡುತ್ತದೆ. 40 ಜನ ತಾನೇ? ಹೊಸ ರೆಲ್ಮ್‌ನಲ್ಲಿ ಮತ್ತೆ ಸೇರಿಸಿ, ಈಮೇಲ್ ಸೆಟ್ಟಿಂಗ್ ತುಂಬಿ, ಪಾಸ್‌ವರ್ಡ್ ಬದಲಿಸಿ ಅಂತ ಎಲ್ಲರಿಗೂ ಮೇಲ್ ಕಳಿಸಿ. ಅರ್ಧ ದಿನದ ಕೆಲಸ. 2000 ವಿದ್ಯಾರ್ಥಿಗಳು ಸೇರಿದ ಮೇಲೆ ಇದೇ ಕೆಲಸ ಮಾಡಲು ಕೂತರೆ ಗೊತ್ತಾಗುತ್ತದೆ. ಹೊಸ ರೆಲ್ಮ್‌ನಲ್ಲಿ ಬ್ರೂಟ್ ಫೋರ್ಸ್ ಡಿಟೆಕ್ಷನ್ (ಪಾಸ್‌ವರ್ಡ್ ಮತ್ತೆ ಮತ್ತೆ ಊಹಿಸುವವರನ್ನು ತಡೆಯುವುದು) ಆನ್ ಮಾಡುವುದು ಮರೆಯಬೇಡಿ, ಡೀಫಾಲ್ಟ್ ಆಗಿ ಅದು ಆಫ್ ಇರುತ್ತದೆ.

ಪ್ರಾಂಶುಪಾಲರ ಬೇಡಿಕೆಗೆ ಬರೋಣ. ಅವರಿಗೆ ನಿಜಕ್ಕೂ ಏನು ನೋಡಬೇಕು ಅಂತ ಒಮ್ಮೆ ಕೇಳಿ. ಯಾರ್ಯಾರ ಖಾತೆ ಇದೆ, ಯಾವುದು ಬಂದ್ ಆಗಿದೆ ಅಂತ ನೋಡುವುದಷ್ಟೇ ಇದ್ದರೆ ಮಾಸ್ಟರ್ ಅಡ್ಮಿನ್ ಪಾಸ್‌ವರ್ಡ್ ಕೊಡಬೇಕಿಲ್ಲ. ಕಾಲೇಜಿನ ರೆಲ್ಮ್‌ನಲ್ಲೇ ಅವರ ಖಾತೆಗೆ 'ವ್ಯೂ-ಯೂಸರ್ಸ್' ರೋಲ್ ಕೊಟ್ಟರೆ ಸಾಕು. ಆ ರೆಲ್ಮ್‌ಗೆ ಅದರದೇ ಕನ್ಸೋಲ್ ವಿಳಾಸ ಇದೆ.

ಮನೆಯಿಂದ ತೆರೆಯುವ ವಿಷಯದಲ್ಲಿ ತುಂಬಾ ಜನ ಒಂದು ಸೆಟ್ಟಿಂಗ್ ನಂಬಿ ಕೆಡುತ್ತಾರೆ. 'ಹೋಸ್ಟ್‌ನೇಮ್-ಅಡ್ಮಿನ್' ಅಂತ ಇದೆ. ಕನ್ಸೋಲ್‌ಗೆ ಬೇರೆ ವಿಳಾಸ ಕೊಡಲು ಅದು. ಅದನ್ನು ಹಾಕಿದರೆ ಮಾಮೂಲಿ ವಿಳಾಸದಲ್ಲಿ ಅಡ್ಮಿನ್ ಬಾಗಿಲು ಮುಚ್ಚುತ್ತದೆ ಅಂತ ಅಂದುಕೊಳ್ಳುತ್ತಾರೆ. ಮುಚ್ಚುವುದಿಲ್ಲ. ಕನ್ಸೋಲ್ ಹಿಂದೆ ಕೆಲಸ ಮಾಡುವ ಅಡ್ಮಿನ್ ಎಪಿಐ ಹಳೇ ವಿಳಾಸದಲ್ಲೂ ಉತ್ತರ ಕೊಡುತ್ತಲೇ ಇರುತ್ತದೆ. ಮುಚ್ಚಬೇಕಾದ್ದು ಎಂಜಿನ್‌ಎಕ್ಸ್‌ನಲ್ಲಿ. 'ಅಡ್ಮಿನ್' ಹಾದಿಗೂ, 'ರೆಲ್ಮ್ಸ್' ಕೆಳಗಿನ 'ಮಾಸ್ಟರ್' ಹಾದಿಗೂ ಕಾಲೇಜಿನ ಒಳ ನೆಟ್‌ವರ್ಕ್‌ಗೆ ಮಾತ್ರ ಅವಕಾಶ ಕೊಟ್ಟು ಉಳಿದವರಿಗೆಲ್ಲ ಡಿನೈ ಹಾಕಿ. ವಿದ್ಯಾರ್ಥಿಗಳ ಲಾಗಿನ್‌ಗೆ ಈ ಎರಡೂ ಬೇಕಿಲ್ಲ.

ಆಮೇಲೆ ಮನೆಯಿಂದ ಬರಬೇಕಾದವರು ವಿಪಿಎನ್, ಅಂದರೆ ಕಾಲೇಜಿನ ಒಳ ನೆಟ್‌ವರ್ಕ್‌ಗೆ ಹೊರಗಿಂದ ಬರುವ ಸುರಕ್ಷಿತ ದಾರಿಯ ಮೂಲಕ ಬರಲಿ. ನಿಮ್ಮ ಗಾತ್ರದ ಕಾಲೇಜಿಗೆ ವೈರ್‌ಗಾರ್ಡ್ ಸಾಕು. ವಿಪಿಎನ್ ಮೇಲೆ ಬಂದವರ ಐಪಿ ಸಾಲನ್ನೂ ಎಂಜಿನ್‌ಎಕ್ಸ್ ಅನುಮತಿಗೆ ಸೇರಿಸಬೇಕು ಅಷ್ಟೇ. ಪ್ರಾಂಶುಪಾಲರಿಗೆ ವಿಪಿಎನ್ ರಗಳೆ ಬೇಡ ಅಂದರೆ ಅವರ ಮನೆ ಐಪಿಗೆ ಅವಕಾಶ ಕೊಡಬಹುದು ಅನ್ನಿಸುತ್ತದೆ. ಆದರೆ ಮನೆಯ ಬ್ರಾಡ್‌ಬ್ಯಾಂಡ್ ಐಪಿ ಸಾಮಾನ್ಯವಾಗಿ ಬದಲಾಗುತ್ತಾ ಇರುತ್ತದೆ, ಮೊಬೈಲ್ ಡೇಟಾ ಆದರೆ ಒಂದೇ ಐಪಿ ಹಿಂದೆ ನೂರಾರು ಜನ. ಕನ್ಸೋಲ್ ಅನ್ನು ಎಲ್ಲರಿಗೂ ತೆರೆದು ಓಟಿಪಿ ಮಾತ್ರ ನಂಬುವುದು ಕೊನೇ ದಾರಿ. ಓಟಿಪಿ ಪಾಸ್‌ವರ್ಡ್ ಕದ್ದವನನ್ನು ತಡೆಯುತ್ತದೆ. ನಾಳೆ ಕನ್ಸೋಲ್‌ನಲ್ಲೇ ಒಂದು ಭದ್ರತಾ ದೋಷ ಸಿಕ್ಕರೆ, ನೀವು ಅಪ್‌ಡೇಟ್ ಹಾಕುವ ತನಕ ಅದನ್ನು ತಡೆಯಲಾರದು. ನಾನಾದರೆ ಒಪ್ಪುವುದಿಲ್ಲ.

ವಿಪಿಎನ್ ಇದ್ದರೂ ಅಡ್ಮಿನ್‌ಗಳಿಗೆ ಓಟಿಪಿ ಇರಲಿ. ಕಡ್ಡಾಯ ಮಾಡುವ ಮೊದಲು ಸರ್ವರ್ ಗಡಿಯಾರ ಸರಿ ಇದೆಯಾ ನೋಡಿ. ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಸರ್ವರ್ ಎರಡು ನಿಮಿಷ ಹಿಂದಿದ್ದರೆ ಫೋನ್ ತೋರಿಸಿದ ಯಾವ ಕೋಡೂ ಹೊಂದುವುದಿಲ್ಲ, ನಿಮ್ಮನ್ನು ನೀವೇ ಹೊರಗಿಟ್ಟು ಬೀಗ ಹಾಕಿಕೊಂಡ ಹಾಗಾಗುತ್ತದೆ. ಕ್ರೋನಿ ಎಂಬ ಪ್ರೋಗ್ರಾಂ ಹಾಕಿ ಸಮಯ ಹೊಂದಿಸಿಕೊಳ್ಳಿ.

ಕೊನೆಯದಾಗಿ ನಿಮ್ಮ ಮೊದಲ ಅಡ್ಮಿನ್ ಖಾತೆ. ಸರ್ವಿಸ್ ಫೈಲ್‌ನಲ್ಲಿ ಬೂಟ್‌ಸ್ಟ್ರ್ಯಾಪ್ ಅಡ್ಮಿನ್‌ನ ಹೆಸರು, ಪಾಸ್‌ವರ್ಡ್ ಎರಡೂ ಹಾಗೇ ಬಿದ್ದಿವೆ. ಅವಕ್ಕೆ ಕೆಲಸ ಇರುವುದು ಮೊದಲ ಸಲ ಶುರುವಾದಾಗ ಮಾತ್ರ. ಅಲ್ಲಿ ಪಾಸ್‌ವರ್ಡ್ ಬದಲಿಸಿದರೆ ಖಾತೆಯ ಪಾಸ್‌ವರ್ಡ್ ಬದಲಾಗುವುದಿಲ್ಲ, ಸುಮ್ನೆ ಫೈಲ್ ಓದಿದವರಿಗೆಲ್ಲ ಕಾಣುತ್ತಿರುತ್ತದೆ ಅಷ್ಟೇ. ಆ ಪಾಸ್‌ವರ್ಡ್ ಈಗ ನನ್ನ ಇನ್‌ಬಾಕ್ಸ್‌ನಲ್ಲೂ ಇದೆ! 26ರಲ್ಲಿ ಈ ಖಾತೆಯನ್ನು ತಾತ್ಕಾಲಿಕ ಅಂತಲೇ ಮಾಡಿದ್ದಾರೆ, ಒಳಗೆ ಹೋದರೆ ಕನ್ಸೋಲ್ ಮೇಲೆ ಎಚ್ಚರಿಕೆಯ ಪಟ್ಟಿ ಕಾಣುತ್ತದೆ. ಮಾಸ್ಟರ್‌ನಲ್ಲಿ ನಿಮ್ಮ ಹೆಸರಿನದೇ ಖಾಯಂ ಅಡ್ಮಿನ್ ಖಾತೆ ಮಾಡಿ, ಓಟಿಪಿ ಜೋಡಿಸಿ. ಹಳೆಯದರಿಂದ ಹೊರಬರದೆ ಬೇರೆ ಬ್ರೌಸರ್‌ನಲ್ಲಿ ಹೊಸದರಿಂದ ಒಳಗೆ ಹೋಗಿ, ಒಬ್ಬ ಬಳಕೆದಾರನ ವಿವರ ತಿದ್ದಿ ಉಳಿಸಿ ನೋಡಿ. ಅದು ನಡೆದರೆ ತಾತ್ಕಾಲಿಕ ಖಾತೆ ಅಳಿಸಿ, ಸರ್ವಿಸ್ ಫೈಲ್‌ನ ಆ ಎರಡು ಸಾಲುಗಳನ್ನೂ ತೆಗೆಯಿರಿ. ಮುಂದೆ ಎಂದಾದರೂ ಎಲ್ಲ ಅಡ್ಮಿನ್ ಖಾತೆಗಳೂ ಕೈಕೊಟ್ಟರೆ ಆಗಲೂ ಅಳಿಸಿ ಹಾಕುವ ಅಗತ್ಯವಿಲ್ಲ. ಸರ್ವಿಸ್ ನಿಲ್ಲಿಸಿ ಕೆಸಿ ಸ್ಕ್ರಿಪ್ಟ್‌ಗೆ 'ಬೂಟ್‌ಸ್ಟ್ರ್ಯಾಪ್-ಅಡ್ಮಿನ್ ಯೂಸರ್' ಅಂತ ಕೊಟ್ಟರೆ ಹೊಸ ತಾತ್ಕಾಲಿಕ ಅಡ್ಮಿನ್ ಸಿಗುತ್ತದೆ.